ಟಾಮಿಯ ಪಾಲು

ನಮ್ಮ ಮನೆಯಲ್ಲಿ ಟಾಮಿ ಎಂಬ ನಾಯಿ ಇಲ್ಲ. ಹಿಂದೆಯೂ ಇರಲಿಲ್ಲ. ನಾನೂ ಅಮ್ಮನೂ ಇಬ್ಬರೇ ಇರುವ ಬಸವನಗುಡಿಯ ಈ ಫ್ಲಾಟಿನಲ್ಲಿ ನಾಯಿ ಸಾಕುವುದಿರಲಿ, ಒಂದು ತುಳಸಿ ಗಿಡಕ್ಕೂ ಸರಿಯಾಗಿ ಬಿಸಿಲು ಸಿಗುವುದಿಲ್ಲ. ಆದರೂ ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ ಒಂದು ಕಪ್ಪು ಕಾಗದದ ಚೀಲ ತೂಗುತ್ತಿರುತ್ತದೆ. ಹಗ್ಗದ ಹಿಡಿಕೆ, ಮದುವೆ ಕಾರ್ಡಿನಷ್ಟು ದಪ್ಪ ಕಾಗದ. ಅದರ ಮೇಲೆ ಬಿಳಿ ಶಾಯಿಯಲ್ಲಿ ದುಂಡಗಿನ ಇಂಗ್ಲಿಷ್ ಅಕ್ಷರಗಳಲ್ಲಿ ‘ಟಾಮಿಗೆ, ಪ್ರೀತಿಯಿಂದ’ ಎಂದು ಬರೆದಿದೆ. ಅದರೊಳಗೆ ನಾವು ಬೆಳ್ಳುಳ್ಳಿ ಇಡುತ್ತೇವೆ. ಇಂಥ ಗಟ್ಟಿ ಚೀಲವನ್ನು ಬಿಸಾಡಲು ನಮ್ಮಂಥವರಿಗೆ ಕೈ ಬರುವುದಿಲ್ಲ ನೋಡಿ, ಅದು ಎಷ್ಟೇ ಮಾನ ಕಳೆದಿದ್ದರೂ.

ಇವತ್ತು ಭಾನುವಾರ ಬೆಳಿಗ್ಗೆ ಬೆಳ್ಳುಳ್ಳಿಗೆಂದು ಅದರೊಳಗೆ ಕೈ ಹಾಕಿದೆ. ಇದ್ದಿಲ ಮೇಲೆ ಸುಟ್ಟ ಮಾಂಸದ ಹೊಗೆಯ ವಾಸನೆ ಸಣ್ಣಗೆ ಮೂಗಿಗೆ ಬಡಿಯಿತು. ಇಷ್ಟು ತಿಂಗಳಾದ ಮೇಲೆ ಕಾಗದದಲ್ಲಿ ವಾಸನೆ ಉಳಿದಿರಲು ಸಾಧ್ಯವಿಲ್ಲ. ಬಹುಶಃ ಅದು ನನ್ನ ತಲೆಯೊಳಗೇ ಕೂತಿರಬೇಕು. ಚೀಲ ಹಿಡಿದು ಹಾಗೇ ನಿಂತುಬಿಟ್ಟೆ.

ಈ ಚೀಲದ ಕತೆ ಹೇಳಬೇಕಾದರೆ ಕಿಟಕಿಯಿಂದ ಶುರು ಮಾಡಬೇಕು. ನಾನು ಹುಟ್ಟಿ ಬೆಳೆದದ್ದು ಇಲ್ಲಿಂದ ನಾಲ್ಕು ರಸ್ತೆಯಾಚೆ, ಒಂದು ಹಳೇ ಬಂಗಲೆಯ ಹಿಂಭಾಗದ ಬಾಡಿಗೆ ಪೋರ್ಷನ್ನಿನಲ್ಲಿ. ಅಪ್ಪ ಕನಕಪುರದ ಕಡೆಯ ಹಳ್ಳಿಯಿಂದ ಬಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾದವರು. ಮುಂದಿನ ಭಾಗದಲ್ಲಿ ಮನೆಯ ಯಜಮಾನಿ ಇದ್ದರು, ಮಡಿ ಆಚಾರದ ಹಿರಿಯರು, ನಮಗೆಲ್ಲ ‘ಓನರ್ ಅಜ್ಜಿ’. ಮನೆ ಕೊಡುವಾಗ ನೀವು ಏನು ತಿನ್ನುತ್ತೀರಿ ಎಂದು ಅವರು ಕೇಳಲಿಲ್ಲ, ನಾವು ಇಂಥದ್ದು ತಿನ್ನುತ್ತೇವೆ ಎಂದು ಅಪ್ಪ ಹೇಳಲಿಲ್ಲ. ಯಾರೂ ಆಡದ ಆ ಮಾತಿಗೆ ನಾವು ಎಷ್ಟೋ ವರ್ಷ ಹೆದರಿಕೊಂಡು ಬದುಕಿದೆವು.

ಭಾನುವಾರ ಅಪ್ಪ ಮಾವಳ್ಳಿಯ ಮಾಂಸದಂಗಡಿಗೆ ಹೋಗಿ ಬಾಡು ತರುತ್ತಿದ್ದರು. ಬಟ್ಟೆ ಚೀಲದ ತಳದಲ್ಲಿ ಬಾಡು, ಮೇಲೆ ಕೊತ್ತಂಬರಿ, ಮೆಂತ್ಯ ಸೊಪ್ಪು. ಗೇಟಿನ ಹತ್ತಿರ ಬಂದಾಗ ಅಪ್ಪನ ನಡಿಗೆಯೇ ಬದಲಾಗುತ್ತಿತ್ತು, ದೇವಸ್ಥಾನದಿಂದ ಬಂದವರ ಹಾಗೆ ಮೆಲ್ಲಗೆ. ಅಮ್ಮ ಅಡುಗೆಮನೆಯ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಹಳೇ ಸೀರೆ ತುರುಕಿ, ಹೊಸ್ತಿಲಲ್ಲಿ ಊದುಬತ್ತಿ ಹಚ್ಚಿಟ್ಟು ಸಾರಿಗೆ ಇಡುತ್ತಿದ್ದಳು. ಬೇಸಿಗೆಯಲ್ಲಿ ಆ ಮುಚ್ಚಿದ ಕೋಣೆಯಲ್ಲಿ ಮುದ್ದೆ ತಿರುವಿ ಹೊರಬಂದರೆ ಅವಳ ರವಿಕೆ ಹಿಂಡುವ ಹಾಗಿರುತ್ತಿತ್ತು. ಉಂಡಾದ ಮೇಲೆ ಮೂಳೆಗಳನ್ನೆಲ್ಲ ನ್ಯೂಸ್ ಪೇಪರಿನಲ್ಲಿ ಸುತ್ತಿ, ಮೇಲೆ ದಾರ ಕಟ್ಟಿ ಮೂಲೆಯಲ್ಲಿಡುತ್ತಿದ್ದಳು. ಮನೆಯ ಕಸದ ಜೊತೆ ಒಂದು ಚೂರು ಮೂಳೆಯೂ ಹೋಗಕೂಡದು. ಸಂಜೆ ಅಪ್ಪ ವಾಕಿಂಗ್ ಹೊರಡುವಾಗ ಆ ಪೊಟ್ಟಣ ಕಂಕುಳು ಸೇರಿ ಮತ್ತೆ ಮಾವಳ್ಳಿಯ ತಿಪ್ಪೆಗೆ ಹೋಗುತ್ತಿತ್ತು. ಎಲ್ಲಿಂದ ಬಂತೋ ಅಲ್ಲಿಗೇ.

ಬಾಡು ಎಂಬ ಮಾತನ್ನೂ ಮನೆಯಲ್ಲಿ ಆಡುವ ಹಾಗಿರಲಿಲ್ಲ. “ಇವತ್ತು ಅವರೆಕಾಳು ತರ್ಲಾ?” ಎಂದು ಅಪ್ಪ ಕೇಳಿದರೆ ನನಗೂ ನನ್ನ ತಮ್ಮನಿಗೂ ಬಾಯಲ್ಲಿ ನೀರು. ಒಂದು ಬೇಸಿಗೆಯಲ್ಲಿ ಅಮ್ಮ ಬಟ್ಟೆ ಒಣಹಾಕುತ್ತಿದ್ದಾಗ ಓನರ್ ಅಜ್ಜಿ ತಂತಿಯಾಚೆ ನಿಂತು, “ನಿನ್ನೆ ನಿಮ್ಮನೇದು ಏನು ಸಾರಮ್ಮ? ಘಮ್ ಅಂತಿತ್ತು” ಎಂದರು.

“ಅವರೆಕಾಳು ಸಾರು ಅಜ್ಜಿ.”

“ಈ ಬಿಸಿಲುಗಾಲದಲ್ಲೂ ಅವರೆಕಾಯಿ ಬರತ್ತಾ ನಿಮ್ಮೂರಲ್ಲಿ?”

“ಬರ್ತದೆ ಅಜ್ಜಿ, ನಮ್ಮೂರಲ್ಲಿ ಬರ್ತದೆ” ಎಂದುಬಿಟ್ಟಳು ಅಮ್ಮ.

“ಹಾಗಾದ್ರೆ ನಮಗೂ ಸ್ವಲ್ಪ ತರಿಸಿಕೊಡಿ. ನಮ್ಮ ಹುಡುಗರಿಗೆ ಬಲು ಇಷ್ಟ.”

ಬೇಸಿಗೆಯ ನಡುಮಧ್ಯದಲ್ಲಿ ಹಸಿ ಅವರೆಕಾಯಿ ಹುಡುಕಿಕೊಂಡು ಅಪ್ಪ ಮಾರ್ಕೆಟ್ಟೆಲ್ಲ ಅಲೆದರು. ಕೊನೆಗೆ ಒಣಗಿದ ಕಾಳು ತಂದು, ರಾತ್ರಿಯೆಲ್ಲ ನೆನೆಹಾಕಿ, ಸಿಪ್ಪೆ ಹಿಸುಕಿ ಒಂದು ಪಾತ್ರೆ ಕೊಟ್ಟೆವು. ಅಜ್ಜಿ ತಂಬಿಟ್ಟು ತುಂಬಿಸಿ ಪಾತ್ರೆ ವಾಪಸ್ಸು ಕಳಿಸಿದರು. ಅವರಿಗೆ ನಿಜ ಗೊತ್ತಿತ್ತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅಪ್ಪ ಈಗಿಲ್ಲ, ಅಜ್ಜಿಯೂ ಇಲ್ಲ, ಆ ಬಂಗಲೆಯೂ ಇಲ್ಲ. ಅಮ್ಮನಿಗೆ ಮಾತ್ರ ಈ ಸ್ವಂತ ಫ್ಲಾಟಿಗೆ ಬಂದ ಮೇಲೂ ಭಾನುವಾರ ಕಿಟಕಿ ಮುಚ್ಚುವುದು ತಪ್ಪಲಿಲ್ಲ. ನಾನೂ ಮುಚ್ಚುತ್ತಿದ್ದೆ. ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತ, ಯಾರ ಊಟವೂ ಮೇಲಲ್ಲ ಯಾರದೂ ಕೀಳಲ್ಲ ಎಂದು ಗಂಟಲು ಹರಿಯುವಂತೆ ಪಾಠ ಮಾಡಿದವಳು ನಾನೇ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ. ನನ್ನದು ತಿನ್ನುವುದೂ ಕದ್ದೇ.

ನನ್ನ ತಮ್ಮ ಹೀಗಲ್ಲ. ಸೈಟು ಕೊಂಡು ಮಾರುವ ವ್ಯವಹಾರ, ದೊಡ್ಡ ದನಿ, ಇನ್ನೂ ದೊಡ್ಡ ಕಾರು. ಕಳೆದ ವರ್ಷ ಅಮ್ಮನ ಹುಟ್ಟುಹಬ್ಬದ ಹಿಂದಿನ ದಿನ ಬಂದು, “ಅಮ್ಮ ಜೀವಮಾನವೆಲ್ಲಾ ಕದ್ದು ತಿಂದಿದಾಳೆ ಅಕ್ಕ. ಒಂದ್ಸಲನಾದ್ರೂ ರಾಜಾರೋಷವಾಗಿ ತಿನ್ಲಿ. ನಂದಿ ಬೆಟ್ಟದ ಕಡೆ ಒಂದು ರೆಸಾರ್ಟ್ ಐತೆ, ಅಲ್ಲಿ ಬಾಡೂಟಕ್ಕೇ ಅಂತ ಬೇರೆ ಹೋಟ್ಲು ಮಾಡಿದಾರೆ” ಎಂದ. ಅಂಥದಕ್ಕೆ ಸ್ಟೇಕ್ ಹೌಸ್ ಎನ್ನುತ್ತಾರೆಂದು ನಾನು ತಿದ್ದಿದೆ. ತಿದ್ದುವುದು ನನ್ನ ಕಸುಬು.

ಅಮ್ಮ ಮೈಸೂರು ರೇಷ್ಮೆ ಉಟ್ಟು, ಮಲ್ಲಿಗೆ ಮುಡಿದು, ಮದುವೆಗೆ ಹೊರಟ ಹಾಗೆ ಹೊರಟಳು. ಅಲ್ಲಿಗೆ ಹೋಗಿ ನೋಡಿದರೆ ಹುಲ್ಲುಹಾಸು, ಕೊಳ, ಅದರಾಚೆ ಗಾಜಿನ ಗೋಡೆಯ ಊಟದ ಮನೆ. ಒಳಗೆ ಕಾಲಿಟ್ಟ ಕೂಡಲೇ ಒಂದು ಗಾಜಿನ ಬೀರು, ಅದರೊಳಗೆ ಕೊಕ್ಕೆಗಳಿಗೆ ದೊಡ್ಡ ದೊಡ್ಡ ಮಾಂಸದ ತುಂಡುಗಳನ್ನು ನೇತುಹಾಕಿ, ಒಡವೆ ಅಂಗಡಿಯ ಹಾಗೆ ದೀಪ ಬಿಟ್ಟಿದ್ದರು. ಅಮ್ಮ ಅದನ್ನು ನೋಡಿ ತಟ್ಟನೆ ನಿಂತಳು. ಸೆರಗು ಹೊದ್ದುಕೊಂಡು ನನ್ನ ಕಿವಿಯಲ್ಲಿ, “ಹಿಂಗೆ ಎಲ್ಲಾರ್ಗೂ ಕಾಣೋಂಗೆ ಇಟ್ಟವರಲ್ಲೇ, ಯಾರೂ ಏನೂ ಅನ್ನಲ್ವಾ?” ಎಂದಳು. ಅಡುಗೆಯೂ ಬಯಲಲ್ಲೇ. ಗಾಜಿನಾಚೆ ಬೆಂಕಿ ಎದ್ದೆದ್ದು ಕುಣಿಯುತ್ತಿತ್ತು, ಬಿಳಿ ಟೋಪಿಯವರು ಅದರ ಮುಂದೆ ನಗುತ್ತ ನಿಂತಿದ್ದರು. ಅಮ್ಮ ಗೋಡೆಯ ಕಡೆ ಮುಖಮಾಡಿದ ಕುರ್ಚಿಯನ್ನೇ ಆರಿಸಿಕೊಂಡಳು.

ವೇಟರ್ ಈಶಾನ್ಯ ರಾಜ್ಯಗಳ ಕಡೆಯ ಹುಡುಗಿ. ತುಂಬಾ ನಯ. ಮರದ ತಟ್ಟೆಯಲ್ಲಿ ಹಸಿ ಮಾಂಸ ತಂದು ಇದು ಯಾವ ದೇಶದ್ದು, ಯಾವ ಹುಲ್ಲು ಮೇಯ್ದದ್ದು ಎಂದು ಒಂದೊಂದನ್ನೇ ಪರಿಚಯ ಮಾಡಿಸಿದಳು. “ಹೆಣ್ಣು ನೋಡಕ್ಕೆ ಹೋದಾಗ ಕೂಡ ಇಷ್ಟು ಹೇಳಲ್ಲ” ಎಂದ ತಮ್ಮ. ಆಮೇಲೆ ಒಂದು ಪೆಟ್ಟಿಗೆ ತೆರೆದು, ಯಾವ ಚಾಕು ಬೇಕೋ ಆರಿಸಿಕೊಳ್ಳಿ ಎಂದಳು. ಅಮ್ಮ ಗಾಬರಿಯಾಗಿ, “ನಾವೇ ಕುಯ್ಬೇಕಾ?” ಎಂದಳು. ಕುರಿಯ ಪಕ್ಕೆಲುಬಿನ ಚಾಪ್ಸ್ ಹೇಳಿದೆವು. ಚೆನ್ನಾಗಿ ಬೇಯಿಸಬೇಕೆಂದು ತಮ್ಮ ಒತ್ತಿ ಹೇಳಿದಾಗ ಹುಡುಗಿಯ ಮುಖ ಸ್ವಲ್ಪ ಬಾಡಿತು, ಅಲ್ಲಿ ಅರೆಬೆಂದದ್ದೇ ರುಚಿಯಂತೆ.

ಚಾಪ್ಸ್ ಬಂತು. ಅಮ್ಮ ಚಾಕುವನ್ನು ದೂರ ಸರಿಸಿ, ಅತ್ತಿತ್ತ ನೋಡಿ, ಕೈಗೆತ್ತಿಕೊಂಡಳು. ಒಂದು ಕಚ್ಚಿ, “ಉಪ್ಪು ಕಮ್ಮಿ” ಎಂದಳು. ಎರಡನೆಯದಕ್ಕೆ ಏನೂ ಅನ್ನಲಿಲ್ಲ. ಮೂಳೆಯನ್ನು ಚೀಪಿ ಚೀಪಿ ತಿನ್ನುವಾಗ ಅವಳ ಮುಖ ಎಷ್ಟು ಹಗುರಾಗಿತ್ತೆಂದರೆ, ತಮ್ಮ ನನಗೆ ಕಣ್ಣಲ್ಲೇ ‘ನೋಡಿದ್ಯಾ’ ಎಂದ. ನನಗೂ ಸಂತೋಷವಾಗಿತ್ತು. ಆದರೆ ಪಕ್ಕದ ಮೇಜಿನಲ್ಲಿ ಗಂಡಹೆಂಡತಿ ಒಬ್ಬರಿಗೊಬ್ಬರು ಚೂರು ಚೂರೇ ಕತ್ತರಿಸಿ ಬಡಿಸಿಕೊಳ್ಳುತ್ತಿದ್ದರು. ಅಮ್ಮ ಚೀಪುವ ಸದ್ದು ಅವರಿಗೆ ಕೇಳಿಸುತ್ತಿದೆಯೇ ಎಂದು ನನ್ನ ಒಂದು ಕಿವಿ ಅಲ್ಲೇ ಇತ್ತು.

ಊಟ ಮುಗಿಯಿತು. ಅಮ್ಮ ತನ್ನ ಬ್ಯಾಗು ತೆರೆದು ಮಡಿಸಿದ ನ್ಯೂಸ್ ಪೇಪರ್ ತೆಗೆದಳು. ಮನೆಯಿಂದಲೇ ತಂದಿದ್ದಳು, ದಾರದ ಸಮೇತ. ತೊಡೆಯ ಮೇಲೆ ಅದನ್ನು ಹರಡಿ, ನಮ್ಮ ಮೂವರ ತಟ್ಟೆಯ ಮೂಳೆಗಳನ್ನೂ ಒಂದೊಂದಾಗಿ ಮೇಜಿನ ಕೆಳಗೆ ಇಳಿಸಿ ಸುತ್ತತೊಡಗಿದಳು. ಇಷ್ಟು ದೊಡ್ಡ ಜಾಗದಲ್ಲಿ ತಿಂದು ಮೂಳೆ ಬಿಟ್ಟು ಹೋದರೆ ಅವರು ಏನಂದುಕೊಂಡಾರು? ಅವಳ ಲೆಕ್ಕ ಅಷ್ಟೇ.

“ಅಮ್ಮ, ಏನ್ ಮಾಡ್ತಿದೀಯಾ? ಬಿಡು ಅದನ್ನ” ಎಂದು ನಾನು ಹಲ್ಲು ಕಚ್ಚಿ ಅನ್ನುವಷ್ಟರಲ್ಲಿ ಆ ಹುಡುಗಿ ಬಂದು ನಿಂತಳು. ಏನಾದರೂ ಬೇಕಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಪಕ್ಕದ ಮೇಜಿನವರೂ ತಿರುಗಿ ನೋಡಿದರು. ನನ್ನ ಮೈಯೆಲ್ಲ ಬಿಸಿಯಾಯಿತು.

“ಫಾರ್ ದ ಡಾಗ್” ಎಂದೆ. “ನಮ್ಮನೆ ನಾಯಿಗೆ.”

ಹುಡುಗಿಯ ಮುಖ ಅರಳಿತು. ಅಮ್ಮನ ತೊಡೆಯ ಮೇಲಿನ ಪೊಟ್ಟಣವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ನಾಯಿಯ ಹೆಸರೇನು ಎಂದು ಕೇಳಿದಳು. ಟಾಮಿ ಎಂದೆ. ಸುಳ್ಳು ಹೇಳುವುದಕ್ಕೂ ಒಂದು ಕಲ್ಪನೆ ಬೇಕು, ನನಗೆ ಅದೂ ಇರಲಿಲ್ಲ. ಐದು ನಿಮಿಷದಲ್ಲಿ ಮೂಳೆಗಳು ಕಪ್ಪು ಡಬ್ಬಿಯಲ್ಲಿ, ಡಬ್ಬಿ ಈ ಚೀಲದಲ್ಲಿ, ಚೀಲದ ಮೇಲೆ ಟಾಮಿಯ ಹೆಸರು.

ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಡಾಗ್ ಎಂದರೆ ಏನೆಂದು ಬೆಂಗಳೂರಿನಲ್ಲಿ ಯಾರಿಗೆ ಗೊತ್ತಿಲ್ಲ? ಅವಳು ಕೈ ತೊಳೆದು ಬಂದು, ಸೆರಗು ಬಿಗಿಯಾಗಿ ಹೊದ್ದು ಕೂತಳು. ಕಾರಿನಲ್ಲಿ ತಮ್ಮ “ಟಾಮಿ ಅಂತೆ!” ಎಂದು ಸ್ಟಿಯರಿಂಗ್ ತಟ್ಟಿ ತಟ್ಟಿ ನಕ್ಕ. ಅಮ್ಮ ದೇವನಹಳ್ಳಿ ದಾಟುವವರೆಗೆ ಕಿಟಕಿಯಾಚೆ ನೋಡುತ್ತಿದ್ದಳು. ಆಮೇಲೆ, “ನಂಗೆ ತಿಳೀಲಿಲ್ಲ ಕಣವ್ವ” ಎಂದಳು. ಅಷ್ಟೇ. ಅವಳು ಒಂದು ಬೈಗುಳ ಬೈದಿದ್ದರೂ ನನಗೆ ಸಮಾಧಾನವಾಗುತ್ತಿತ್ತು.

ಮಾರನೆಯ ದಿನ ಆ ಮೂಳೆಗಳನ್ನು ನಮ್ಮ ಫ್ಲಾಟಿನ ಹಸಿ ಕಸಕ್ಕೆ ಹಾಕಲು ನನಗೂ ಧೈರ್ಯವಾಗಲಿಲ್ಲ. ಮತ್ತೆ ನ್ಯೂಸ್ ಪೇಪರಿನಲ್ಲೇ ಸುತ್ತಿ, ಪೊಟ್ಟಣ ಕಂಕುಳಲ್ಲಿ ಇಟ್ಟುಕೊಂಡು ಅಪ್ಪ ನಡೆದ ದಾರಿಯಲ್ಲೇ ಮಾವಳ್ಳಿಗೆ ನಡೆದೆ. ಲಾಲ್‌ಬಾಗಿನ ಗೋಡೆಯ ಬಳಿ ಬಿಚ್ಚಿಟ್ಟಾಗ ಒಂದು ಬೀದಿನಾಯಿ ಮೂಸಿ ನೋಡಿ, ಮೂಳೆ ಕಚ್ಚಿಕೊಂಡು ಹೋಯಿತು. ಅದಕ್ಕೇನು, ಯಾರ ಎದುರಾದರೂ ತಿನ್ನುತ್ತದೆ. ಅಮ್ಮ ಮುಚ್ಚಿದ್ದು ಊರಿನವರಿಗೆ ಹೆದರಿ ಒಂದು ಕಿಟಕಿಯನ್ನು. ನಾನು ಮುಚ್ಚಲು ನೋಡಿದ್ದು ಅಮ್ಮನನ್ನೇ.

ಅಲ್ಲಿಂದಾಚೆ ಅಮ್ಮ ಬಾಡು ಮುಟ್ಟಲಿಲ್ಲ. ಸೋಮವಾರ, ಶನಿವಾರ ಮೊದಲೇ ಇಲ್ಲ. ಆಮೇಲೆ ಶ್ರಾವಣ ಬಂತು, ಕಾರ್ತಿಕ ಬಂತು, ಯಾವುದೂ ಇಲ್ಲದ ಭಾನುವಾರ ಅಜೀರ್ಣ ಬಂತು. “ಬಾಯಿ ರುಚಿ ಹೋಯ್ತು ಬಿಡು. ನಿಂಗೆ ಬೇಕಾದ್ರೆ ಮಾಡ್ಕೊ” ಎನ್ನುತ್ತಾಳೆ. ಸೊಪ್ಪಿನ ಸಾರಿನಲ್ಲಿ ಮುದ್ದೆ ಮುರಿಯುವಾಗ ಅವಳ ಬೆರಳು ಏನನ್ನೋ ಹುಡುಕಿದ ಹಾಗೆ ಕಾಣುತ್ತದೆ. ಕ್ಷಮಿಸು ಎಂದು ಕೇಳಲು ಹಲವು ಸಲ ಬಾಯಿ ತೆರೆದೆ. ನಮ್ಮ ಕಡೆ ಮಕ್ಕಳು ತಾಯಿಗೆ ಹಾಗೆಲ್ಲ ಅನ್ನುವ ರೂಢಿಯಿಲ್ಲ, ಪ್ರತಿ ಸಲವೂ “ಕಾಫಿ ಮಾಡ್ಲಾ?” ಎಂದೇ ಮುಗಿಯಿತು.

ಇವತ್ತು ಬೆಳ್ಳುಳ್ಳಿ ಚೀಲದಲ್ಲಿ ಕೈಯಿಟ್ಟು ನಿಂತವಳಿಗೆ ಏನನ್ನಿಸಿತೋ, ಚಪ್ಪಲಿ ಮೆಟ್ಟಿ ಮಾವಳ್ಳಿಗೆ ಹೋದೆ. ಬಾಡು ತಂದೆ. ಮೇಲೆ ಮೆಂತ್ಯ ಸೊಪ್ಪು ಮುಚ್ಚಿಕೊಂಡೇ ತಂದೆ. ಒಂದೇ ದಿನಕ್ಕೆ ಅಷ್ಟೆಲ್ಲ ಧೈರ್ಯ ಎಲ್ಲಿಂದ ಬರಬೇಕು? ಶುಂಠಿ, ಬೆಳ್ಳುಳ್ಳಿ, ಚಕ್ಕೆ, ಲವಂಗ ರುಬ್ಬಿ ಒಗ್ಗರಣೆಗೆ ಹಾಕಿದಾಗ ಕೈ ತಾನಾಗಿ ಕಿಟಕಿಗೆ ಹೋಯಿತು. ಕಷ್ಟಪಟ್ಟು ಹಿಂದಕ್ಕೆ ತೆಗೆದುಕೊಂಡೆ. ಕುಕ್ಕರ್ ಕೂಗಿತು. ವಾಸನೆ ನಡುಮನೆ ದಾಟಿ ಅಮ್ಮನ ಕೋಣೆಗೂ ಹೋಯಿತು, ಕಿಟಕಿ ದಾಟಿ ಎದುರು ಬಾಲ್ಕನಿಗೂ ಹೋಯಿತು.

ಎದುರು ಮನೆಯ ಪದ್ಮಾ ಬಟ್ಟೆ ಹಿಂಡುತ್ತಿದ್ದವರು ತಲೆಯೆತ್ತಿದರು. ಬೆಳ್ಳುಳ್ಳಿಯನ್ನೂ ತಿನ್ನದ ಮನೆ ಅವರದು. “ಏನ್ರೀ ಮೇಡಂ, ಘಮ್ ಅಂತಿದೆ! ಏನು ಸಾರು ಇವತ್ತು?”

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅಮ್ಮನ ಧ್ವನಿ ಓಡಿಬಂತು. “ಅವರೆಕಾಳು ಸಾರು ಕಣಮ್ಮ!”

“ಇಲ್ಲ ಪದ್ಮಾ” ಎಂದೆ. “ಮಟನ್ ಸಾರು.”

“ಓ” ಎಂದರು ಅವರು. ಮತ್ತೆ ಒಂದು ಟವೆಲ್ ಕೊಡವಿ ಹರಡಿ, “ನೀರು ಬರ್ತಿದೆ, ಬೇಗ ಹಿಡ್ಕೊಳಿ, ಹನ್ನೊಂದಕ್ಕೆ ನಿಲ್ಲುತ್ತಂತೆ” ಎಂದು ಒಳಗೆ ಹೋದರು.

ಅಮ್ಮ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. “ಏನಂದ್ರು?”

“ನೀರು ಹಿಡ್ಕೊಳಿ ಅಂದ್ರು.”

“ಅಷ್ಟೇನಾ?”

“ಅಷ್ಟೇ.”

ಅಮ್ಮ ಆ ತೆರೆದ ಕಿಟಕಿಯನ್ನು ಬಹಳ ಹೊತ್ತು ನೋಡಿದಳು. “ನಾ ಆ ಬಾಡಿಗೆ ಮನೇಲಿ ಎಷ್ಟು ಬೆವತಿದೀನಿ ಗೊತ್ತಾ ನಿಂಗೆ?” ಎಂದಳು. ಗೊತ್ತು ಎಂದೆ. ಅವಳು ಹೋಗಿ ತಟ್ಟೆ ತಂದಿಟ್ಟುಕೊಂಡು ಕೂತಳು. ಬಡಿಸಿದೆ. ಮುದ್ದೆ ಮುರಿದು ಅದ್ದಿ ನುಂಗಿ, “ಉಪ್ಪು ಸರಿಯಾಗೈತೆ” ಎಂದಳು. ಆಮೇಲೆ ಮೂಳೆಗೆ ಕೈ ಹಾಕಿದಳು. ಚೀಪುವ ಸದ್ದು ಮನೆ ತುಂಬಾ ಕೇಳುತ್ತಿತ್ತು, ಕಿಟಕಿಯಾಚೆಗೂ ಕೇಳಿರಬೇಕು. ನಾನು ಎರಡೂ ಕಿವಿ ಇಟ್ಟು ಅದನ್ನೇ ಕೇಳಿದೆ.

ಅವಳ ಊಟ ಮುಗಿದಾಗ, ಎಷ್ಟು ವರ್ಷದ ಅಭ್ಯಾಸವೋ, ನಾನು ಎದ್ದು ಹೋಗಿ ಹಳೇ ನ್ಯೂಸ್ ಪೇಪರ್ ತಂದು ಅವಳ ತಟ್ಟೆಯ ಪಕ್ಕ ಹರಡಿದೆ.

ಅಮ್ಮ ಪೇಪರನ್ನು ನೋಡಿದಳು, ಬಾಗಿಲ ಹಿಂದಿನ ಕಪ್ಪು ಚೀಲವನ್ನು ನೋಡಿದಳು, ಕೊನೆಗೆ ನನ್ನನ್ನು.

“ಯಾಕೆ?” ಎಂದಳು. “ಟಾಮಿಗಾ?”