ಬಾರದ ಹೂಮಳೆ

ಸೀತಕ್ಕನ ಕೊನೆಯ ಮಾತು ನಿಮಗೆ ಸಿಗದಂತೆ ಮಾಡಿದವಳು ನಾನು. ಚಂದ್ರು ಅಲ್ಲ. ನಾನು—ನಿಮ್ಮ ಹೆಂಡತಿ, ದಿನಾ ಬೆಳಿಗ್ಗೆ ನಿಮ್ಮ ಕೈಗೆ ಕಾಫಿ ಲೋಟ ಕೊಡುವವಳು.

ಬರೆದು ಒಮ್ಮೆ ಓದಿಕೊಂಡೆ. ಹೇಸಿಗೆಯಾಯಿತು. ಆದರೂ ಬರೆದೇ ನೋಡಬೇಕು ಅನ್ನಿಸಿದೆ, ಏಕೆಂದರೆ ನನ್ನ ಬಾಯಿ ಬಹಳ ಜಾಣ ಬಾಯಿ—ನಿಜ ಹೇಳಲು ಹೊರಟರೂ ಅರ್ಧ ದಾರಿಯಲ್ಲಿ ಬೇರೆ ಕಡೆ ತಿರುಗಿಬಿಡುತ್ತದೆ. ಇಷ್ಟು ವರ್ಷ ತಿರುಗಿಸಿಕೊಂಡೇ ಬಂದಿದ್ದೇನೆ. ನೀವು ಈಗ ಹೊರಗೆ ಕಣದಲ್ಲಿ ಕಾಫಿ ಹಣ್ಣು ಒಣಗಲು ಹರಡಿಸುತ್ತಿದ್ದೀರಿ. ಕೈಕಾಲು ತೊಳೆದು ಒಳಗೆ ಬರುವುದರೊಳಗೆ ನನಗೆ ಇದು ಬಾಯಿಪಾಠ ಆಗಬೇಕು.

ಹಜಾರದ ಗೋಡೆಯ ಮೇಲಿರುವ ಫೋಟೋದಿಂದಲೇ ಶುರುಮಾಡುತ್ತೇನೆ. ಗ್ರೀಸ್‌ನ ಸಮುದ್ರದ ದಂಡೆ, ಗುಡ್ಡದ ತುದಿ, ಬಿಳಿ ಕಲ್ಲಿನ ಕಂಬಗಳು. ಬರಿಗಾಲಲ್ಲಿ ನೀವು, ಒಂದು ಕೈಯಲ್ಲಿ ಬೂಟು, ಬಾಯಿ ತುಂಬ ನಗು. ಪಕ್ಕದಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ನಾನು. ಬಂದವರೆಲ್ಲ ಎಷ್ಟು ಚೆನ್ನಾಗಿ ಬಂದಿದೆ ಅನ್ನುತ್ತಾರೆ. ಅದಕ್ಕೆ ಕಟ್ಟು ಹಾಕಿಸಿ ತಂದಿದ್ದು ನೀವು. ನಾನು ಬೇಡ ಅಂದಾಗ ನೀವು ಅಂದದ್ದು ನನಗೆ ನೆನಪಿದೆ—"ಇರ್ಲಿ ಮಾರಾಯ್ತಿ. ನಾನು ದಿನಾ ನೋಡ್ಬೇಕು ಇದನ್ನ. ಅಕ್ಕ ಸಾಯೋ ಹೊತ್ತಲ್ಲಿ ಹಲ್ಲು ಕಿರ್ಕೊಂಡು ನಿಂತಿದ್ದೆ ನಾನು." ಆ ಫೋಟೋದ ಧೂಳು ಒರೆಸುವವಳು ನಾನು. ಒರೆಸುವಾಗ ನಿಮ್ಮ ಮುಖ ಒರೆಸುತ್ತೇನೆ, ನನ್ನದನ್ನು ಬಿಟ್ಟುಬಿಡುತ್ತೇನೆ.

ಸೀತಕ್ಕನ ಮೇಲೆ ನನಗೆ ಏನು ಸಿಟ್ಟಿತ್ತು? ಹೇಳಲು ಹೋದರೆ ಒಂದೂ ನಿಲ್ಲುವುದಿಲ್ಲ. ನಿಮ್ಮ ಅಮ್ಮ ತೀರಿಕೊಂಡಾಗ ನಿಮಗೆ ಇನ್ನೂ ಚಡ್ಡಿ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲವಂತೆ. ಎತ್ತಿ ಆಡಿಸಿ ದೊಡ್ಡವರನ್ನಾಗಿ ಮಾಡಿದ್ದು ನಿಮ್ಮ ಈ ಅಕ್ಕ. ಗಂಡ ಹೋದ ಮೇಲೆ ನಮ್ಮ ಮನೆಗೇ ಬಂದರು. ನನ್ನ ತಲೆಕೂದಲು ನರೆತರೂ ಅವರಿಗೆ ನಾನು 'ಹುಡುಗಿ'ಯೇ. ಬೆಳಿಗ್ಗೆ ಒಲೆಯ ಪಕ್ಕ ಬಂದು ನಿಂತು, "ಅವ್ನಿಗೆ ಬೆಲ್ಲ ಒಂಚೂರು ಮುಂದಿರ್ಲಿ ಹುಡುಗಿ" ಅನ್ನುತ್ತಿದ್ದರು. ಅಷ್ಟೇ. ಒಂದು ದಿನವೂ ಗದರಿದವರಲ್ಲ. ಆದರೆ ನನಗೆ ಅವರ ನಶ್ಯದ ಘಾಟು ಆಗುತ್ತಿರಲಿಲ್ಲ. ಆ ಕಂದು ಕಲೆಯ ಕರವಸ್ತ್ರವನ್ನು ಕಡ್ಡಿಯಲ್ಲಿ ಎತ್ತಿ ಒಗೆಯಲು ಹಾಕುತ್ತಿದ್ದೆ. ನೀವು ತೋಟದಿಂದ ಬಂದವರೇ ಮೊದಲು ಅವರ ಕೋಣೆಗೆ ಹೋಗಿ, ಆ ಘಾಟಿನಲ್ಲೇ ಮಂಚದ ತುದಿಗೆ ಕೂತು, ಅಂದಿನ ಸುದ್ದಿಯೆಲ್ಲ ಹೇಳಿ ಮುಗಿಸಿ, ಆಮೇಲೆ ನನ್ನ ಹತ್ತಿರ ಬರುತ್ತಿದ್ದಿರಿ. ಆಗ ನನಗೆ ಉಳಿದಿರುತ್ತಿದ್ದದ್ದು, "ಊಟಕ್ಕೆ ಏನು?" ಎಂಬ ಒಂದು ಮಾತು.

ಆ ವರ್ಷ ಕುಯ್ಲು ಮುಗಿದ ಮೇಲೆ ಬೆಳೆಗಾರರ ಗುಂಪೊಂದು ಗಂಡಹೆಂಡಿರು ಸೇರಿ ಗ್ರೀಸ್‌ಗೆ ಹೊರಟಿತು. ನಿಮಗೆ ಮನಸ್ಸಿರಲಿಲ್ಲ. ಮಾರ್ಚ್ ತಿಂಗಳು, ಗಿಡದಲ್ಲಿ ಮೊಗ್ಗು ಕಟ್ಟಿ ನಿಂತಿದೆ, ಹೂಮಳೆ ಇಂದೋ ನಾಳೆಯೋ—ಅದು ಹದವಾಗಿ ಬಿದ್ದರೆ ವರ್ಷದ ಬೆಳೆ, ಇಲ್ಲವಾದರೆ ಮೊಗ್ಗು ಗಿಡದಲ್ಲೇ ಕರಟಿಹೋಗುತ್ತದೆ. ನಾನು ಹಟ ಹಿಡಿದು ಹೊರಡಿಸಿದೆ. ಅಲ್ಲಿಗೆ ಹೋದ ಮೇಲೂ ನೀವು ಬೆಳಿಗ್ಗೆ ಎದ್ದವರೇ ಸೀತಕ್ಕನಿಗೆ ಫೋನ್. ಮಳೆ ಬಂತಾ, ಮೋಡ ಇದ್ಯಾ, ಇಲ್ಲಿ ಬ್ರೆಡ್ಡು ಕಲ್ಲಿನ ಹಾಗಿದೆ, ಹುಳಿ ಹುಳಿ ಮೊಸರು ಕೊಡ್ತಾರೆ... ನಾನು ಕಿಟಕಿಯ ಹತ್ತಿರ ತಲೆ ಬಾಚುತ್ತಾ ಆ ಮಾತು ಮುಗಿಯಲಿ ಎಂದು ಕಾಯುತ್ತಿದ್ದೆ.

ಕೊನೆಯ ದಿನ ಸಂಜೆಗೆ ವಿಮಾನ. ಉಳಿದವರು ಅಂಗಡಿ ಬೀದಿಗೆ ಹೋದರು. ನಾನು ಹೋಟೆಲಿನವರಿಗೆ ಹೇಳಿ ನಮ್ಮಿಬ್ಬರಿಗೇ ಒಂದು ಕಾರು ಗೊತ್ತುಮಾಡಿಸಿದ್ದೆ—ಅರ್ಧ ದಿನ, ಸಮುದ್ರದ ದಂಡೆ ಹಿಡಿದು ಹೋಗಿ, ಸಮುದ್ರದೇವರ ಹಳೆಯ ಗುಡಿ ನೋಡಿಕೊಂಡು ಮಧ್ಯಾಹ್ನದೊಳಗೆ ವಾಪಸ್ಸು. "ಇವತ್ತೊಂದಿನ ನಿಮ್ಮ ಫೋನು ರೂಮಲ್ಲೇ ಇರ್ಲಿ. ನನ್ನದೊಂದು ಸಾಕು," ಅಂದೆ. ನೀವು ನಕ್ಕು ಮೇಜಿನ ಮೇಲೆ ಇಟ್ಟುಬಂದಿರಿ. ಮದುವೆಯಾದ ಮೇಲೆ ನೀವು ಪೂರ್ತಿಯಾಗಿ ನನಗೇ ಸಿಕ್ಕ ಅರ್ಧ ದಿನ ಅದು. ಇದನ್ನು ನೆಪಕ್ಕಾಗಿ ಹೇಳುತ್ತಿಲ್ಲ. ನಡೆದದ್ದು ಹೀಗೆ, ಅಷ್ಟೇ.

ಕಾರು ಓಡಿಸುತ್ತಿದ್ದವನ ಹೆಸರು ನಿಕೋಸ್. ದಾರಿ ತೋರಿಸುವವನೂ ಅವನೇ. ಬಲಗಡೆ ಉದ್ದಕ್ಕೂ ಸಮುದ್ರ. ನೀವು ಕಿಟಕಿ ಇಳಿಸಿ, ನಮ್ಮ ಕಡೆ ಮಳೆ ಹೇಗೆ ಸಮುದ್ರದಿಂದ ಎದ್ದು ಘಾಟಿ ಹತ್ತಿ ಬರುತ್ತದೆ ಎಂದು ಅವನಿಗೆ ನಿಮ್ಮ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದಿರಿ. ಗುಡಿಯ ಗುಡ್ಡ ಹತ್ತುವ ಮೊದಲು ಒಂದು ಸಣ್ಣ ಕಡಲತೀರದಲ್ಲಿ ಕಾರು ನಿಲ್ಲಿಸಿದ. ನೀವು ಪ್ಯಾಂಟು ಮಡಚಿ ನೀರಿಗಿಳಿದಿರಿ. ಆಗ ನನ್ನ ಫೋನ್ ಬಡಿದುಕೊಂಡಿತು. ಚಂದ್ರು, ನಿಮ್ಮ ಚಿಕ್ಕಪ್ಪನ ಮಗ.

"ಅತ್ತಿಗೆ, ಅಣ್ಣ ಫೋನೇ ತೆಗೀತಿಲ್ಲ, ಅವ್ರಿಗೆ ಕೊಡಿ. ಅಕ್ಕಂಗೆ ಎದೆನೋವು. ಮೂಡಿಗೆರೆ ಡಾಕ್ಟ್ರು ಮಂಗ್ಳೂರಿಗೆ ಕರ್ಕೊಂಡು ಹೋಗಿ ಅಂದ್ರು. ಆಂಬುಲೆನ್ಸಲ್ಲಿದೀವಿ, ಕೊಟ್ಟಿಗೆಹಾರಕ್ಕೆ ಬಂದ್ವಿ. ಘಾಟಿಗಿಳಿದ್ರೆ ನೆಟ್‌ವರ್ಕ್ ಸಿಗಲ್ಲ ಅತ್ತಿಗೆ, ಈಗ್ಲೇ ಕೊಡಿ. ಅಕ್ಕ ಕೇಳ್ತಿದಾರೆ."

ಹಿಂದಿನಿಂದ ಆ ದನಿಯೂ ಕೇಳಿಸಿತು—ಸಣ್ಣಗೆ, ಉಬ್ಬಸದ ನಡುವೆ. "ಕೊಡೆ ಹುಡುಗಿ, ಒಂದೇ ಮಾತು."

ನನಗೆ ಕೇಳಿಸಿತು. ಸ್ಪಷ್ಟವಾಗಿ ಕೇಳಿಸಿತು. ಆ ಹೊತ್ತಿನಲ್ಲಿ ನನ್ನೊಳಗೆ ಎದ್ದದ್ದು ಗಾಬರಿಯಲ್ಲ, ಮರುಕವೂ ಅಲ್ಲ—ನಶ್ಯದ ಘಾಟು. ಇಲ್ಲಿಗೂ ಬಂದರಲ್ಲ ಎಂಬ ಹೇವರಿಕೆ. ಚಾರ್ಮಾಡಿ ಘಾಟಿಯಲ್ಲಿ ಫೋನ್ ಸತ್ತ ಹಾಗೆ ಎಂಬುದು ನಮ್ಮ ಕಡೆ ಹುಟ್ಟಿದ ಯಾರಿಗೆ ಗೊತ್ತಿಲ್ಲ? ಗೊತ್ತಿದ್ದೇ ಹೇಳಿದೆ—

"ಅವ್ರು ಹತ್ರ ಇಲ್ಲ ಚಂದ್ರು. ಘಾಟಿ ಇಳಿದ್ಮೇಲೆ ಮಾಡು."

ನೀವು ಕಲ್ಲೆಸೆದರೆ ಬೀಳುವಷ್ಟು ದೂರದಲ್ಲಿದ್ದಿರಿ. ತಿರುಗಿ ಕೂಗಿದಿರಿ, "ಯಾರೇ ಅದು?" ಫೋನ್ ಇನ್ನೂ ಕಿವಿಯಲ್ಲೇ ಇತ್ತು. ಬಾಯಿಗೆ ಬಂದ ಸುಳ್ಳಾದರೂ ಎಂಥದ್ದು! ನಿಮ್ಮನ್ನು ಇನ್ನೊಂದು ಪ್ರಶ್ನೆ ಕೇಳದ ಹಾಗೆ ಮಾಡಬಲ್ಲ ಸುಳ್ಳು ಈ ಭೂಮಿಯ ಮೇಲೆ ಒಂದೇ ಇತ್ತು, ಅದೇ ಬಂತು.

"ಕಳಸದಿಂದ ನಮ್ಮಣ್ಣ. ಹೂಮಳೆ ಬಂತಂತೆ ರೀ! ನಮ್ಮ ಕಡೆಗೂ!"

ನೀವು ನೀರಿನಲ್ಲೇ ಕುಣಿದುಬಿಟ್ಟಿರಿ. ಎರಡೂ ಕೈ ಮೇಲೆತ್ತಿ, "ಬಂತಾ!" ಎಂದು ಕೂಗಿದಿರಿ. ನಾನು ಫೋನ್ ಆರಿಸಿ ಚೀಲಕ್ಕೆ ಹಾಕಿದೆ.

ಗುಡಿಯಲ್ಲಿ ದೇವರಿರಲಿಲ್ಲ. ಚಾವಣಿ ಇಲ್ಲ, ಬಾಗಿಲಿಲ್ಲ, ಕಂಬಗಳು ಮತ್ತು ಗಾಳಿ. ಆದರೂ ನೀವು ಬೂಟು ಕಳಚಿದಿರಿ. ಕಲ್ಲು ಚುಚ್ಚುತ್ತದೆ, ಹಾಕಿಕೊಳ್ಳಿ ಎಂದು ನಿಕೋಸ್ ಹೇಳಿದರೆ, "ಮಳೆ ಕೊಟ್ಟಿದಾನಲ್ಲ ಮಾರಾಯ, ಯಾವ ದೇವ್ರಾದ್ರೇನು," ಎಂದು ಅವನಿಗೆ ಕನ್ನಡದಲ್ಲೇ ಅಂದು, ಹಗ್ಗ ಕಟ್ಟಿದ ಕಡೆ ನಿಂತು, ಸಮುದ್ರಕ್ಕೆ ಕೈ ಮುಗಿದಿರಿ. ಬೀಳದ ಮಳೆಗಾಗಿ ಊರಲ್ಲದ ಊರಿನ ದೇವರಿಗೆ ನಿಮ್ಮಿಂದ ಕೈ ಮುಗಿಸಿದೆ. ಆಮೇಲೆ ನಿಕೋಸ್ ಅಲ್ಲಿಯ ಹಳೆಯ ಕತೆ ಹೇಳಿದ. ಒಬ್ಬ ರಾಜನ ಮಗ ಬದುಕಿ ಬಂದರೆ ಹಡಗಿಗೆ ಬಿಳಿ ಹಾಯಿ ಕಟ್ಟಬೇಕೆಂದು ಮಾತಾಗಿತ್ತಂತೆ. ಅವನು ಮರೆತು ಕಪ್ಪು ಹಾಯಿಯಲ್ಲೇ ಬಂದನಂತೆ. ಇಲ್ಲಿಂದ ನೋಡುತ್ತಿದ್ದ ಅಪ್ಪ ಮಗ ಸತ್ತನೆಂದು ಸಮುದ್ರಕ್ಕೆ ಹಾರಿದನಂತೆ. ನೀವು "ಛೆ ಛೆ" ಅಂದಿರಿ. ಆ ಹುಡುಗ ಮರೆತಿದ್ದ. ನಾನು ಮರೆತಿರಲಿಲ್ಲ, ನನ್ನ ಚೀಲದಲ್ಲಿ ಫೋನಿತ್ತು. ಆಗಲೂ ತೆಗೆಯಬಹುದಿತ್ತು—ನಿಕೋಸ್ ಫೋಟೋ ತೆಗೆಯುತ್ತೇನೆ ಅಂದ. ನಾನು ಸೆರಗು ಸರಿಮಾಡಿಕೊಂಡು ನಿಮ್ಮ ಪಕ್ಕ ಬಂದು ನಿಂತೆ.

ಹೋಟೆಲಿಗೆ ಬಂದು ನಿಮ್ಮ ಫೋನ್ ನೀವು ಕೈಗೆತ್ತಿಕೊಳ್ಳುವ ಹೊತ್ತಿಗೆ ಎಲ್ಲ ಮುಗಿದಿತ್ತು. ಘಾಟಿ ಇಳಿಯುವಷ್ಟರಲ್ಲೇ ಅಕ್ಕನ ಮಾತು ನಿಂತಿತ್ತಂತೆ. ಮಂಗಳೂರು ಮುಟ್ಟುವ ಮೊದಲೇ ಉಸಿರೂ. ನೀವು ನೆಲದ ಮೇಲೆ ಕೂತುಬಿಟ್ಟಿರಿ. ನಾನು ಬೆನ್ನು ಸವರಿದೆ. ಫೋನ್ ಆರಿಸಿದ ಅದೇ ಕೈ.

ಊರಿಗೆ ಬಂದು, ಮಣ್ಣು ಮುಗಿಸಿ, ಸ್ನಾನ ಮಾಡಿ ಬಂದ ನಿಮಗೆ ಹಿತ್ತಲಲ್ಲಿ ಚಂದ್ರು ಸಿಕ್ಕಿದ. ಅವನ ಮೇಲೆ ಹರಿಹಾಯ್ದಿರಿ. "ನನ್ನ ಫೋನ್ ತೆಗೀಲಿಲ್ಲ ಅಂದ್ರೆ ಇವಳದಕ್ಕೆ ಒಂದು ಮಾಡೋಕೆ ಏನಾಗಿತ್ತು ನಿಂಗೆ? ಕೈಯಲ್ಲೇ ಇತ್ತಲ್ಲೋ ಅವಳ ಫೋನು! ಇವ್ಳಣ್ಣ ಮಾಡಿದ್ದ, ಸಿಕ್ಕಿತ್ತು!" ಚಂದ್ರು ಜೇಬಿಗೆ ಕೈ ಹಾಕಿದ. ಫೋನ್ ತೆಗೆದು, ನನಗೆ ಮಾಡಿದ ಕರೆ ತೋರಿಸಿದ್ದರೆ ಆಗಿತ್ತು. ಅವನು ನನ್ನ ಮುಖ ನೋಡಿದ. ನಾನು—ತಲೆ ತಗ್ಗಿಸಲೂ ಇಲ್ಲ, ಅವನನ್ನೇ ನೋಡುತ್ತಾ ನಿಂತೆ. ಜೇಬಿನಿಂದ ಬಂದದ್ದು ಬರಿಗೈ.

"ಗಾಬರೀಲಿ ಹೊಳೀಲಿಲ್ಲ ಅಣ್ಣ," ಅಂದ.

ಅವತ್ತಿನಿಂದ ನಿಮಗೆ ಅವನು ತಮ್ಮನಲ್ಲ. ಅವರ ಮನೆಯ ಗೇಟಿನ ಮುಂದೆ ಜೀಪು ನಿಧಾನ ಮಾಡುವುದಿಲ್ಲ ನೀವು. ಮಳೆಯ ವಿಷಯಕ್ಕೂ ನೀವೇ ಸಮಾಧಾನ ಹೇಳಿಕೊಂಡಿರಿ—ತೋಟದಲ್ಲಿ ಒಂದು ಹೂವೂ ಅರಳದೆ ಮೊಗ್ಗು ಕಂದಿದ್ದನ್ನು ನೋಡಿ, "ಭಾವ ಹೇಳಿದ್ದು ಅವ್ರ ಕಡೆ ಮಳೆ ಇರ್ಬೇಕು" ಅಂದಿರಿ. ನಾನು ಹೂಂ ಅಂದೆ. ಅಣ್ಣನನ್ನು ನೀವು ಕೇಳಲೇ ಇಲ್ಲ. ನನ್ನನ್ನು ನಂಬುವುದು ನಿಮಗೆ ಅಷ್ಟು ಸುಲಭ.

ಇವತ್ತು ಬೆಳಿಗ್ಗೆ ಚಂದ್ರು ಬಂದಿದ್ದ. ಮಗಳ ಮದುವೆ. ಗಂಡಹೆಂಡತಿ ಇಬ್ಬರೂ ತಟ್ಟೆ ಹಿಡಿದು, ಕರೆಯಲು ಬಂದರು. ನೀವು ಕಣದಿಂದ ಈ ಕಡೆ ತಿರುಗಲೂ ಇಲ್ಲ. ಅವನ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅವರ ಜೀಪಿನಲ್ಲಿ ಹೋಗಿ ಕೂತಳು. ಅವನು ಮೆಟ್ಟಿಲ ಮೇಲೆ ನಿಂತು, "ಧಾರೆ ಹೊತ್ತಿಗೆ ನಮ್ಮನೆ ಹಿರಿಯರು ಅಂತ ಇನ್ಯಾರಿದಾರೆ ಅತ್ತಿಗೆ? ಹೆಂಗಾದ್ರೂ ಹೇಳಿ ನೋಡಿ," ಅಂದ.

ನಾನು ಕೇಳಿದೆ—ಕೊನೆಗೂ ಕೇಳಿದೆ—ಅವತ್ತು ಯಾಕೆ ಹೇಳಲಿಲ್ಲ ಎಂದು.

"ಅಕ್ಕನ್ನ ಕಳ್ಕೊಂಡಾಗಿತ್ತು. ಅಣ್ಣನ ಸಂಸಾರಾನೂ ಹಾಳು ಮಾಡ್ಬೇಕಿತ್ತಾ?" ಅಂದ. ಹೋಗಲು ತಿರುಗಿ, ಮತ್ತೆ ನಿಂತ. "ಸ್ಪೀಕರ್ ಹಾಕಿದ್ದೆ ಅತ್ತಿಗೆ. ಅಣ್ಣ ಕೂಗಿದ್ದು ಅಕ್ಕಂಗೂ ಕೇಳಿಸ್ತು. 'ಅವ್ನ ದನಿ ಕೇಳ್ತಲ್ಲ, ಖುಷಿಯಾಗಿದಾನೆ, ಸಾಕು ಬಿಡೋ' ಅಂದ್ರು. ಆಮೇಲೆ ಮಾತಾಡ್ಲಿಲ್ಲ."

ಅಂದರೆ ನೀವು ಹತ್ತಿರವೇ ಇದ್ದಿರಿ ಎಂಬುದು ಅಕ್ಕನಿಗೆ ತಿಳಿದಿತ್ತು. ನಾನು ಸುಳ್ಳು ಹೇಳಿದ್ದೂ ತಿಳಿದಿತ್ತು. ಕಿಟಕಿಯಾಚೆ ಒಣಗಿ ನಿಂತ ಗುಡ್ಡ ನೋಡುತ್ತಾ, ಮಳೆ ಬಂತೆಂದು ನೀವು ಕುಣಿಯುವುದನ್ನು ಕೇಳಿಸಿಕೊಂಡಿದ್ದರು. ಅಷ್ಟಾದರೂ ನನ್ನನ್ನು ಒಂದು ಮಾತು ಬೈದಿರಲಿಲ್ಲ. ಇದನ್ನು ಕೇಳಿದಾಗ ಒಂದು ಗಳಿಗೆ ನನಗೆ ಎದೆ ಹಗುರಾಯಿತು: ಸದ್ಯ, ದನಿಯಾದರೂ ಕೇಳಿಸಿತಲ್ಲ! ನನ್ನ ಬಗ್ಗೆ ನನಗೆ ಎಲ್ಲಕ್ಕಿಂತ ಹೇಸಿಗೆಯಾದದ್ದು ಆ ಗಳಿಗೆಯಲ್ಲಿ. ಅವರ ಒಳ್ಳೆಯತನದಲ್ಲೂ ನನಗೊಂದು ನುಸುಳುವ ದಾರಿ ಹುಡುಕುತ್ತಿದ್ದೆ.

ಇಲ್ಲ, ನುಸುಳುವುದಿಲ್ಲ. ಅವರು ಬೇಡಿದ್ದು ನಿಮ್ಮ ದನಿಯನ್ನಷ್ಟೇ ಅಲ್ಲ, ಅವರಿಗೆ ನಿಮ್ಮ ಹತ್ತಿರ ಒಂದು ಮಾತು ಹೇಳುವುದಿತ್ತು. ಅದು ಏನೆಂದು ಇನ್ನು ಯಾರಿಗೂ ತಿಳಿಯುವುದಿಲ್ಲ. ಕ್ಷಮಿಸಿ ಎಂದು ಕೇಳುವುದಿಲ್ಲ. ಈ ಮನೆಯಲ್ಲಿ ಇರು ಅನ್ನುತ್ತೀರೋ, ಕಳಸಕ್ಕೆ ಹೋಗು ಅನ್ನುತ್ತೀರೋ, ಅದು ನಿಮಗೆ ಬಿಟ್ಟದ್ದು. ಚಂದ್ರುವಿನ ಮಗಳ ಧಾರೆಗೆ ಮಾತ್ರ ನೀವು ಹಿರಿಯರಾಗಿ ನಿಲ್ಲಬೇಕು.

ನಲ್ಲಿಯ ಸದ್ದು ಕೇಳಿಸುತ್ತಿದೆ. ಕಾಲು ತೊಳೆಯುತ್ತಿದ್ದೀರಿ. ಹಜಾರದ ಫೋಟೋ ಇಳಿಸಿ ಮೇಜಿನ ಮೇಲೆ ಮಗುಚಿ ಇಟ್ಟಿದ್ದೇನೆ. ನೀವು ಒಳಗೆ ಬಂದು ಖಾಲಿ ಗೋಡೆ ನೋಡಿ, ಯಾಕೆ ತೆಗೆದೆ ಎಂದು ಕೇಳೇ ಕೇಳುತ್ತೀರಿ. ಅದಕ್ಕೆ ಕೊಡಬೇಕಾದ ಉತ್ತರವನ್ನು ನಾನೀಗ ಬಾಯಲ್ಲೇ ಹೇಳಿ ನೋಡುತ್ತಿದ್ದೇನೆ, ಅರ್ಧ ದಾರಿಯಲ್ಲಿ ತಿರುಗದ ಹಾಗೆ—

"ಅವತ್ತು ಮಳೆ ಬಂದಿರ್ಲಿಲ್ಲ ರೀ."