ಬಾವಿ ತೋಡಿಸಿದವಳ ಹೆಸರು

ಮೂಡಲಗಿಯ ದಾಕ್ಷಾಯಿಣಿ ಒಕ್ಕಲು ಮನೆತನದ ಒಬ್ಬಳೇ ಮಗಳು. ಅಪ್ಪ ಪರಪ್ಪ ಹಾಸಿಗೆ ಹಿಡಿದಾಗಿನಿಂದ ಹೊಲ, ದನ, ಆಳುಕಾಳು ಎಲ್ಲ ಅವಳ ತಲೆಯ ಮೇಲೆ ಬಿದ್ದವು. ಮದುವೆಯ ಮಾತು ಹಿಂದೆ ಬಿತ್ತು. ಅಪ್ಪ ತೀರಿಕೊಂಡ ಮೇಲೂ ಆ ಹೊರೆ ಇಳಿಯಲಿಲ್ಲ.

ಈಗ ಓಣಿಯವರು ಹಳೆಯ ಬಾವಿಯ ಹೂಳು ತೆಗೆಸಿ, ಪಕ್ಕದಲ್ಲೊಂದು ಹೆಸರಿನ ಕಲ್ಲು ನಿಲ್ಲಿಸುವವರಿದ್ದರು. ನೂರೈವತ್ತು ವರ್ಷದ ಹಿಂದೆ ಮೈಮೇಲಿನ ಬಂಗಾರ ಮಾರಿ ಆ ಬಾವಿ ತೋಡಿಸಿದವಳು ದಾಕ್ಷಾಯಿಣಿಯ ಅಜ್ಜನ ಅಜ್ಜಿ. ಇದು ಊರಿಗೆಲ್ಲ ಗೊತ್ತು. ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ಸಿಗದಿದ್ದರೆ ಆಕೆಯ ಗಂಡ ಲಗಮಣ್ಣನ ಹೆಸರನ್ನೇ ಕೆತ್ತಿಸುತ್ತೇವೆ ಎಂದರು ಹಿರಿಯರು. ಗುದ್ದಲಿ ಮುಟ್ಟದ ಲಗಮಣ್ಣ ಪುಕ್ಕಟೆ ಪುಣ್ಯ ಕಟ್ಟಿಕೊಳ್ಳುವುದನ್ನು ದಾಕ್ಷಾಯಿಣಿಗೆ ಸಹಿಸಲಾಗಲಿಲ್ಲ.

ಗೋಕಾಕಕ್ಕೆ ಹೋಗಿ ದಾಯಾದಿಗಳನ್ನು ಕೇಳಿದಳು. ಹೊಲದ ಪಾಲಿನ ತಂಟೆ ತಂದಳೆಂದುಕೊಂಡು ಅವರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದರು. ಹುಕ್ಕೇರಿಯ ಬಸ್ಸು ಹಿಡಿದು, ನಿಡಸೋಸಿಯ ಹತ್ತಿರ ಆ ಅಜ್ಜಿಯ ತವರುಮನೆ ಹುಡುಕಿದಳು. ಅಲ್ಲಿಯ ಮುದುಕಿ ಕಾಶೆವ್ವ, ಲಗ್ನದಲ್ಲಿ ಅವಳ ಹೆಸರು ಬದಲಿಸಿದವರು ನೀವು, ಈಗ ನಮ್ಮನ್ನು ಕೇಳಿದರೆ ಹೇಗೆ ಎಂದು ತಿರುಗಿ ಗದರಿದಳು. ಕೊಟ್ಟವರಿಗೂ ನೆನಪಿಲ್ಲ, ತಂದುಕೊಂಡವರಿಗೂ ನೆನಪಿಲ್ಲ. ದಾಕ್ಷಾಯಿಣಿಗೆ ಮೈಯೆಲ್ಲ ಉರಿದುಹೋಯಿತು.

ಉಳಿದವನು ಹೆಳವರ ಹೊಳೆಪ್ಪ ಒಬ್ಬನೇ. ಮನೆತನಗಳ ವಂಶಾವಳಿಯನ್ನೆಲ್ಲ ಬಾಯಲ್ಲಿಟ್ಟುಕೊಂಡು, ಸುಗ್ಗಿಯ ಕಾಲಕ್ಕೆ ಎತ್ತಿನೊಂದಿಗೆ ಬಂದು ಹೇಳಿ ಕಾಳು ಪಡೆದು ಹೋಗುವವನು. ದಾಕ್ಷಾಯಿಣಿ ಅವನ ದಾರಿ ಕಾದಳು. ಬಂದವನು ಕಟ್ಟೆಯ ಮೇಲೆ ಕೂತು ಏಳು ತಲೆಮಾರನ್ನು ಗಳಗಳ ಹೇಳಿಬಿಟ್ಟ. ಲಗಮಣ್ಣ ಹೊಳೆಪ್ಪನ ಮುತ್ತಜ್ಜನಿಗೆ ದಾನ ಕೊಟ್ಟ ಹೋರಿಯ ಕೊಂಬು ಯಾವ ಕಡೆ ಬಾಗಿತ್ತೆಂಬುದೂ ಅವನಿಗೆ ನೆನಪಿತ್ತು.

“ಆ ಲಗಮಣ್ಣನ ಹೇಣ್ತಿ ಹೆಸರೇನ್ರಿ, ಕಾಕಾ?”

“ಹೆಣ್ಮಕ್ಕಳ ಹೆಸರು ನಮ್ಮ ಹಿರ್ಯಾರು ಕಲಿಸಿಲ್ರಿ ಅವ್ವಾರ. ಗಂಡಮಕ್ಕಳದಷ್ಟ ಹೇಳ್ತೇವಿ.”

ಹೋರಿಗಿದ್ದ ಮರ್ಯಾದೆ ಬಾವಿ ತೋಡಿಸಿದವಳಿಗಿಲ್ಲ! ಸಿಟ್ಟು ನೆತ್ತಿಗೇರಿದರೂ, ಮನೆಗೆ ಬಂದವನನ್ನು ಸುಮ್ಮನೆ ಕೂರಿಸಬಾರದೆಂದು ಚಹಾ ತಂದುಕೊಟ್ಟಳು. ಕೊಡುತ್ತ ಕೊಡುತ್ತ ಕೇಳಿದಳು.

“ಹಂಗಾರ ನಮ್ಮಪ್ಪನ ಹೆಸರಿನ ಮುಂದ ಏನ್ ಹೇಳ್ತೀರಿ?”

ಹೊಳೆಪ್ಪ ಅವಳ ಮುಖವನ್ನೇ ನೋಡುತ್ತ, ಚಹಾ ಗುಟುಕರಿಸಿ, ಯಾವ ಮುಲಾಜೂ ಇಲ್ಲದೆ ಹೇಳಿದ.

“ಪರಪ್ಪಗ ಸಂತಾನ ಇಲ್ಲ ಅಂತೇವ್ರಿ. ಮನಿ ಅಲ್ಲಿಗೆ ಮುಗೀತು.”