ಲೈನ್‌ಮನ್ ತಾತ ಮತ್ತು ಬೋಳು ಮರಗಳು

ಅವರ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದವಾಗಿತ್ತು. ದಪ್ಪಗೆ, ಹಳದಿಗಟ್ಟಿ, ಸಣ್ಣ ಉಳಿಯ ಹಾಗೆ. ಸೊಸೆ ಎಷ್ಟು ಹೇಳಿದರೂ ಕತ್ತರಿಸುತ್ತಿರಲಿಲ್ಲ. ಮರ ನೋಡೋಕೆ ಬೇಕು ಎನ್ನುತ್ತಿದ್ದರು.

ಅಮೆರಿಕದ ಮಿಲ್ಪಿಟಾಸಿನ ನಮ್ಮ ಟೌನ್‌ಹೌಸುಗಳ ಸಾಲಿನಲ್ಲಿ ಅವರದು ಪಕ್ಕದ ಮನೆ. ಮಂಡ್ಯದ ಕಡೆ ಲೈನ್‌ಮನ್ ಆಗಿ, ತಂತಿಗೆ ತಾಗುವ ಕೊಂಬೆ ಕಡಿದೇ ಅರ್ಧ ಆಯಸ್ಸು ಕಳೆದವರು ನಿವೃತ್ತರಾಗಿ ಮಗನ ಮನೆಗೆ ಬಂದಿದ್ದರು. ನನ್ನ ಮಗಳು ತಾತ ಎನ್ನುತ್ತಿದ್ದಳು, ನಾನೂ ಹಾಗೇ ಕರೆದೆ.

ಬಂದಿಳಿದದ್ದು ಡಿಸೆಂಬರಿನಲ್ಲಿ. ನಮ್ಮ ಬೀದಿಯ ಮರಗಳಲ್ಲಿ ಎಲೆಯೇ ಇರಲಿಲ್ಲ. ಹಾಗಾಗಿ ಈ ಊರಿನ ಮರಗಳನ್ನು ಅವರು ಬೋಳಾಗಿದ್ದಾಗಲೇ ಕಲಿತರು. ಸಂಜೆ ವಾಕಿಂಗಿನಲ್ಲಿ ತೊಗಟೆ ಸವರುವರು, ಮೂಸುವರು, ಮೊಗ್ಗು ಜೋಡಿಯಾಗಿದೆಯೋ ಒಂಟಿಯೋ ನೋಡುವರು. ಫೋನಿನಲ್ಲಿ ಹೆಸರು ಹುಡುಕುವುದು ನನ್ನ ಕೆಲಸ. ಚಕ್ಕೆ ಉದುರಿ ಬಿಳಿ ಮೈ ಕಾಣುವ ಸಿಕಮೋರ್, ಬುಡದಲ್ಲಿ ಮುಳ್ಳುಚೆಂಡು ಚೆಲ್ಲಿರುವ ಲಿಕ್ವಿಡಂಬರ್ ನನಗೂ ಬೇಗ ಗುರುತು ಸಿಕ್ಕವು. ವಸಂತದಲ್ಲಿ ಎಲೆ ತುಂಬಿದಾಗ ತಾತನಿಗೇ ಗಲಿಬಿಲಿ. "ಈಗ ಎಲ್ಲಾ ಒಂದೇ ಥರ ಕಾಣ್ತವೆ ಕಣವ್ವ" ಎಂದು ನಕ್ಕರು.

ಮರುವರ್ಷ ಮಾರ್ಚಿನಲ್ಲಿ, ಅಂಚೆ ಡಬ್ಬಿಗಳ ಹತ್ತಿರದ ಮರಕ್ಕೆ ನಮ್ಮ ಅಸೋಸಿಯೇಷನ್ನಿನವರು ಚೀಟಿ ಅಂಟಿಸಿದರು. ಸತ್ತಿದೆ, ಕಡಿಯುತ್ತೇವೆ. ಸುತ್ತಲಿನವೆಲ್ಲ ಚಿಗುರಿದ್ದವು, ಅದೊಂದು ಬೋಳಾಗೇ ಇತ್ತು. ತಾತ ಉಗುರಿನಿಂದ ರೆಂಬೆ ಕೆರೆದರು. ಒಳಗೆ ಹಸಿ ಹಸಿರು. ಎಲೆ ಕಳಚಿದ ಗಾಯ ಕೋತಿಯ ಮುಖದಂತಿತ್ತು. ಕಡ್ಡಿ ಸೀಳಿದರೆ ಒಳಗಿನ ತಿರುಳು ಏಣಿಯ ಮೆಟ್ಟಿಲಿನ ಹಾಗೆ. ನಾನು ಹುಡುಕಿದೆ, ವಾಲ್‌ನಟ್. ವಾಕಿಂಗ್ ದಾರಿಯ ತೊರೆಯ ಪಕ್ಕದ ಇಂಥದೇ ಮರ ಹೋದ ವರ್ಷ ಎಲ್ಲಕ್ಕಿಂತ ಕೊನೆಗೆ ಚಿಗುರಿದ್ದು ತಾತನಿಗೆ ನೆನಪಿತ್ತು.

ಆಮೇಲೆ ನನ್ನ ಅಡುಗೆಮನೆ ಕಿಟಕಿಯ ಮುಂದಿನ ಬರ್ಚ್ ಮರಕ್ಕೆ ಬಂದರು. ನನಗೆ ಅದರ ಬಿಳಿ ತೊಗಟೆಯೆಂದರೆ ಪ್ರಾಣ. ಮಗಳು ಆಡುತ್ತಿದ್ದುದೂ ಅದರ ಕೆಳಗೇ. ತಾತ ಬೆರಳ ಗೆಣ್ಣಿನಿಂದ ಬುಡ ತಟ್ಟಿದರು, ಟೊಳ್ಳು ಸದ್ದು ಬಂತು. ರೆಂಬೆ ಕೆರೆದರೆ ಒಣ ಕಂದು. ಇದು ಹೋಗಿದೆ ಎಂದರು. ಅದಕ್ಕೆ ಯಾರೂ ಚೀಟಿ ಅಂಟಿಸಿರಲಿಲ್ಲ.

ಅಸೋಸಿಯೇಷನ್ ಮೀಟಿಂಗಿನಲ್ಲಿ ತಾತನ ಪರವಾಗಿ ನಾನು ಇಂಗ್ಲಿಷಿನಲ್ಲಿ ಮಾತಾಡಿದೆ. ವಾಲ್‌ನಟ್ಟಿನ ವಿಷಯ ಹೇಳಿ ಕೂತುಬಿಟ್ಟೆ. ನನ್ನ ಮಾತಿನಲ್ಲಿ ಬರ್ಚ್ ಎಂಬ ಪದವೇ ಬರಲಿಲ್ಲವೆಂದು ತಾತನಿಗೆ ತಿಳಿಯಿತು. ಬಿಡಿ ತಾತ ಎಂದೆ ಮೆಲ್ಲಗೆ.

"ಎರಡನೇದೂ ಹೇಳವ್ವ. ನಮಗೆ ಬೇಕಾದ್ದನ್ನ ಮಾತ್ರ ಹೇಳಿದ್ರೆ, ಅದನ್ನೂ ಯಾರೂ ನಂಬಲ್ಲ."

ಎದ್ದು ಹೇಳಿದೆ. ಅಸೋಸಿಯೇಷನ್ನಿನವರು ಮರ ಪರೀಕ್ಷೆ ಮಾಡುವವರನ್ನು ಕರೆಸಿದರು. ಎರಡಕ್ಕೂ ತಾತನ ಮಾತೇ ಸರಿಯಾಯಿತು. ಆದರೂ ನಾನು ಎರಡು ದಿನ ತಾತನ ಹತ್ತಿರ ಮಾತಾಡಲಿಲ್ಲ. ಬರ್ಚನ್ನು ಕಡಿದಾಗ ಬುಡದೊಳಗೆ ಬರೀ ಪುಡಿಯಿತ್ತು, ನನ್ನ ಕೈ ಮೊಣಕೈವರೆಗೆ ಹೋಯಿತು. ಅಂದು ಸಂಜೆ ನಾನೇ ಹೋಗಿ ವಾಕಿಂಗಿಗೆ ಕರೆದೆ. ಏನೂ ಆಗಿಲ್ಲವೆಂಬಂತೆ ಚಪ್ಪಲಿ ಮೆಟ್ಟಿಕೊಂಡು ಬಂದರು. ಏಪ್ರಿಲಿನಲ್ಲಿ ವಾಲ್‌ನಟ್ ಚಿಗುರಿತು.

ಹೋದ ಅಕ್ಟೋಬರಿನಲ್ಲಿ ತಾತ ತೀರಿಕೊಂಡರು, ವಾರದ ಜ್ವರ ಅಷ್ಟೇ. ಈ ಜನವರಿಯಲ್ಲಿ ಚೀಟಿ ಅಂಟಿಸುವ ಮೊದಲು ಅಸೋಸಿಯೇಷನ್ನಿನವರು ನನ್ನನ್ನು ಕರೆದರು. ಹನ್ನೊಂದು ಬೋಳು ಮರಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ. ಒಂಬತ್ತು ಬದುಕಿವೆ ಎಂದೆ. ಇನ್ನೆರಡು ನನಗೆ ಗೊತ್ತಾಗುತ್ತಿಲ್ಲ ಎಂದು, ಯಾವ ಸಂಕೋಚವೂ ಇಲ್ಲದೆ ಹೇಳಿದೆ.